ಹೆಂಡತಿಗೆ ಹೇಳಿದ್ರೆ ಬೇಲ್ ಹಾಕ್ಸೋರ್ಯಾರು ಮೇಡಂ?

ಜೈಲಿಗೆ ಹೊಸದಾಗಿ ಬಂದವರಲ್ಲಿ ಗುಪ್ತರೋಗ ಪತ್ತೆಯಾದಾಗ ಅವರ ಬಾಯಲ್ಲಿ ಈ ಪ್ರಶ್ನೆ ಒಂದಲ್ಲ ಒಂದು ರೂಪದಲ್ಲಿ ಬರುತ್ತಲೇ ಇರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಆತ ಪೇಂಟಿಂಗ್ ಕೆಲಸದವನು, ಕಳ್ಳತನದ ಕೇಸು, ವಿಚಾರಣಾಧೀನ. ಒಳಗೆ ಬಂದ ದಿನ ಸಾಲಲ್ಲಿ ನಿಲ್ಲಿಸಿ, ವಾರ್ಡರ್ ಪಕ್ಕದಲ್ಲೇ ಇರುವಾಗ, ಗುಪ್ತರೋಗ ಇದೆಯಾ ಅಂತ ಕೇಳಿದ್ದರು. ಇಲ್ಲ ಅಂದಿದ್ದ. ಹಾಗೆ ಕೇಳಿದರೆ ನಾನೂ ಇಲ್ಲ ಅಂತಲೇ ಹೇಳುತ್ತೇನೆ. ಒಬ್ಬನನ್ನೇ ಕೂರಿಸಿಕೊಂಡು ಮಾತಾಡಿದಾಗ, ಹಿಂದೆ ಒಂದು ಹುಣ್ಣಾಗಿತ್ತು, ನೋವಿರಲಿಲ್ಲ, ತಾನಾಗೇ ಹೋಯ್ತು ಅಂದ. ಸಿಫಿಲಿಸ್ ಅನ್ನೋ ಲೈಂಗಿಕ ಸೋಂಕಿನ ಹುಣ್ಣು ಹಾಗೇ ಮಾಯುತ್ತದೆ, ಕಾಯಿಲೆ ಮೈಯಲ್ಲೇ ಉಳಿಯುತ್ತದೆ. ಒಪ್ಪಿಗೆ ಪಡೆದು ರಕ್ತ ಪರೀಕ್ಷೆ ಮಾಡಿಸಿದೆವು. ಎಚ್‌ಐವಿ ಕಾಣಲಿಲ್ಲ, ಸಿಫಿಲಿಸ್ ಇತ್ತು. ಪೆನಿಸಿಲಿನ್ ಇಂಜೆಕ್ಷನ್ ಕೊಟ್ಟರು.

ಹೆಂಡತಿ ಐದು ತಿಂಗಳ ಬಸುರಿ ಅಂತ ಗೊತ್ತಾಗಿದ್ದು ಆಮೇಲೆ. ಅವರಿಗೂ ಚಿಕಿತ್ಸೆ ಬೇಕು ಅಂದೆ. ತಲೆ ತಗ್ಗಿಸಿ ಕೂತಿದ್ದವನು, "ಹೇಳಿದ್ರೆ ತವರಿಗೆ ಹೋಗ್ತಾಳೆ ಮೇಡಂ. ಬೇಲ್ ಹಾಕ್ಸೋರ್ಯಾರು? ವಕೀಲರಿಗೆ ಓಡಾಡ್ತಿರೋಳು ಅವಳೊಬ್ಳೇ" ಅಂದ.

ಸುಮ್ನೆ ನೆಪ ಅಲ್ಲ ಇದು. ಆದರೆ ಸಿಫಿಲಿಸ್ ತಾಯಿಯಿಂದ ಮಗುವಿಗೆ ದಾಟುತ್ತದೆ, ಗರ್ಭ ನಿಲ್ಲದೇ ಹೋಗಬಹುದು, ಮಗು ಸತ್ತು ಹುಟ್ಟಬಹುದು. ಬಸುರಿಗೂ ಅದೇ ಪೆನಿಸಿಲಿನ್ ಕೊಡುತ್ತಾರೆ, ಬೇಗ ಕೊಟ್ಟಷ್ಟೂ ಒಳ್ಳೆಯದು. ಹಾಗಾಗಿ ಹೇಳಿದೆ: "ಎಲ್ಲಿಂದ ಬಂತು ಅನ್ನೋದು ನಿಮ್ಮಿಬ್ಬರ ಮಾತು, ಅದಕ್ಕೆ ಸಮಯ ಇದೆ. ಬಂದಿದೆ ಅನ್ನೋದಕ್ಕೆ ಸಮಯ ಇಲ್ಲ. ಈ ಸಲ ಭೇಟಿಗೆ ಬಂದಾಗ, ನನ್ನ ರಕ್ತದಲ್ಲಿ ಸಿಫಿಲಿಸ್ ಸಿಕ್ಕಿದೆ, ನೀನು ತಾಯಿ ಕಾರ್ಡ್ ತಗೊಂಡು ಹೋಗಿ ಡಾಕ್ಟರಿಗೆ ಇದನ್ನ ಹೇಳು, ಅಷ್ಟು ಹೇಳಿ."

ಅರ್ಧ ಸತ್ಯ ಹೇಳಿಸಿದಿರಿ ಅಂತ ಸಹೋದ್ಯೋಗಿಯೊಬ್ಬರು ಬೇಸರ ಮಾಡಿಕೊಂಡರು. ಆ ಹೆಣ್ಣುಮಗಳಿಗೆ ಪೂರ್ತಿ ತಿಳಿಯುವ ಹಕ್ಕಿದೆ, ಒಪ್ಪುತ್ತೇನೆ. ಆದರೆ ಪೂರ್ತಿ ಹೇಳು ಅಂತ ಪಟ್ಟು ಹಿಡಿದಿದ್ದರೆ ಆತ ಬಾಯೇ ಬಿಡುತ್ತಿರಲಿಲ್ಲ. ಆಕೆ ಎದುರು ಬದುರು ಕೇಳಿದರೆ ಸುಳ್ಳು ಹೇಳಬಾರದು ಅಂತಲೂ ಹೇಳಿ ಕಳಿಸಿದ್ದೆ. ಎರಡನೇ ಭೇಟಿಯಲ್ಲಿ ಹೇಳಿದ. ಆಕೆ ಕೇಳಿಯೂ ಕೇಳಿದರಂತೆ. ಇಂಜೆಕ್ಷನ್ ಆಯಿತು.

ಇನ್ನೊಂದು ಮಾತು. ಜೈಲೇ ರೋಗದ ಮೂಲ ಅಂದುಕೊಳ್ಳುವವರು ಜಾಸ್ತಿ. ಒಳಗೂ ಅಪಾಯ ಇದೆ, ಹಂಚಿಕೊಂಡ ಬ್ಲೇಡು, ಹಚ್ಚೆ ಸೂಜಿ, ಕಾಂಡೋಮ್ ಇಲ್ಲದ ಸಂಬಂಧ. ಆದರೆ ಎಷ್ಟೋ ಜನ ಸೋಂಕು ಹೊತ್ತೇ ಬರುತ್ತಾರೆ, ಬೇಲ್ ಸಿಕ್ಕಿ ಬೇಗ ಹೋಗಿಯೂ ಬಿಡುತ್ತಾರೆ. ಎಚ್‌ಐವಿ ಸೋಂಕು ಹೊಸದಾಗಿದ್ದರೆ ಮೊದಲ ಪರೀಕ್ಷೆಯಲ್ಲಿ ಕಾಣದೇ ಇರಬಹುದು, ಮೂರು ತಿಂಗಳಿಗೆ ಮತ್ತೆ ಮಾಡಿಸಬೇಕು. ಈತನಿಗೂ ಅಷ್ಟರೊಳಗೆ ಬೇಲ್ ಆಯಿತು. ಅವನ ಊರಿಗೆ ಹತ್ತಿರದ ಐಸಿಟಿಸಿ, ಅಂದರೆ ಎಚ್‌ಐವಿ ಸಲಹೆ ಮತ್ತು ಪರೀಕ್ಷೆಯ ಸರ್ಕಾರಿ ಕೇಂದ್ರ, ಯಾವ ಆಸ್ಪತ್ರೆಯಲ್ಲಿದೆ ಅಂತ ಚೀಟಿಯಲ್ಲಿ ಬರೆದು ಕೊಟ್ಟಿದ್ದೆ. ಅಲ್ಲಿ ಪರೀಕ್ಷೆ ಉಚಿತ, 2017ರ ಎಚ್‌ಐವಿ ಕಾಯ್ದೆ ಪ್ರಕಾರ ಕೋರ್ಟ್ ಆದೇಶದಂಥ ಕೆಲವು ಸಂದರ್ಭ ಬಿಟ್ಟರೆ ನಿಮ್ಮ ಒಪ್ಪಿಗೆ ಇಲ್ಲದೆ ಯಾರೂ ಪರೀಕ್ಷೆ ಮಾಡುವಂತಿಲ್ಲ, ಜೈಲಿನಿಂದ ಬಂದೆ ಅಂತ ನೀವು ಹೇಳಬೇಕಾಗಿಯೂ ಇಲ್ಲ.