ಚೀನಾ 42, ಭಾರತ 30: ಅಂತರ ಬರೀ 12 ಅಲ್ಲ

ಪ್ರಶ್ನೆ: ಬೆಳಗಾವಿಯ ಉದ್ಯಮಬಾಗದಲ್ಲಿ ನಮ್ಮದೊಂದು ಸಣ್ಣ ಮಷಿನ್ ಶಾಪ್ ಇದೆ. ಚೀನಾ ಜಿಡಿಪಿಯ ಶೇ 42ರಷ್ಟನ್ನು ಸ್ಥಿರ ಬಂಡವಾಳಕ್ಕೆ (ಕಟ್ಟಡ, ಯಂತ್ರ, ರಸ್ತೆಯಂಥ ಬಾಳಿಕೆಯ ಆಸ್ತಿಗೆ) ಹಾಕುತ್ತದೆ, ಭಾರತ ಶೇ 30, ಅಂತರ ಬರೀ 12, ಇನ್ನೇನು ಹಿಡಿದೇಬಿಟ್ಟೆವು ಅಂತ ವಾಟ್ಸಾಪ್‌ನಲ್ಲಿ ಓದಿದೆ. ಗೆಳೆಯರೊಬ್ಬರು ಚೀನಾದ್ದು ಶೇ 80 ಅನ್ನುತ್ತಾರೆ. ಯಾವುದು ನಿಜ? ಹೋದ ವರ್ಷ ಕೊಲ್ಹಾಪುರದಿಂದ ಹಳೆ ಲೇತ್ ತಂದೆ. ಅದೂ ಈ ಲೆಕ್ಕದಲ್ಲಿ ಬರುತ್ತಾ?

ಉತ್ತರ: ನಿಮ್ಮ ಲೇತ್‌ನಿಂದಲೇ ಶುರು ಮಾಡೋಣ. ಬರುವುದಿಲ್ಲ. ಅದು ಹೊಸದಿದ್ದಾಗ, ಮೊದಲು ಕೊಂಡವರ ಹೆಸರಲ್ಲಿ ಲೆಕ್ಕ ಸೇರಿಹೋಗಿದೆ. ಈಗ ನಿಮ್ಮ ಕಡೆ ಎಷ್ಟು ಕೂಡುತ್ತದೋ ಮಾರಿದವರ ಕಡೆ ಅಷ್ಟೇ ಕಳೆಯುತ್ತದೆ. ದೇಶಕ್ಕೆ ಸೊನ್ನೆ. ಲಾರಿ ಬಾಡಿಗೆ, ದಲಾಲಿ, ಕಾಂಕ್ರೀಟ್ ಹಾಕಿ ಕೂರಿಸಿದ ಖರ್ಚು ಮಾತ್ರ ಹೊಸ ಹೂಡಿಕೆ. ಅದೇ ಹಳೆ ಲೇತ್ ಜಪಾನಿನಿಂದ ಬಂದಿದ್ದರೆ ಪೂರ್ತಿ ಬೆಲೆ ಸೇರುತ್ತಿತ್ತು, ಏಕೆಂದರೆ ನಮ್ಮ ದೇಶಕ್ಕೆ ಅದು ಹೊಸದು. ಶೆಡ್ ಕಟ್ಟಿದರೆ ಸೇರುತ್ತದೆ. ಶೆಡ್ಡಿನ ಜಾಗಕ್ಕೆ ಕೊಟ್ಟ ದುಡ್ಡು ಸೇರುವುದಿಲ್ಲ.

ಗೆಳೆಯರ 80 ಹುಟ್ಟಿದ್ದೂ ಇಲ್ಲೇ. ಚೀನಾ ಪ್ರತಿ ತಿಂಗಳು 'ಸ್ಥಿರ ಆಸ್ತಿ ಹೂಡಿಕೆ' ಅಂತ ಒಂದು ಅಂಕಿ ಬಿಡುತ್ತದೆ. ಅದರಲ್ಲಿ ಜಾಗದ ದುಡ್ಡು, ಹಳೆ ಯಂತ್ರ, ಹಳೆ ಕಟ್ಟಡ ಎಲ್ಲವೂ ಸೇರಿರುತ್ತದೆ. 2016ರಲ್ಲಿ ಆ ಅಂಕಿ ಸುಮಾರು 60 ಲಕ್ಷ ಕೋಟಿ ಯುವಾನ್, ಜಿಡಿಪಿ ಸುಮಾರು 74 ಲಕ್ಷ ಕೋಟಿ. ಭಾಗಿಸಿದರೆ 80 ಬಂತು! ಆದರೆ ಜಿಡಿಪಿ ಲೆಕ್ಕದೊಳಗೆ ಬರುವ ಸ್ಥಿರ ಬಂಡವಾಳದ ಪಾಲು ಆಗಲೂ ಶೇ 42ರ ಆಸುಪಾಸಿನಲ್ಲೇ ಇತ್ತು. ಮೇಲಿನವರನ್ನು ಮೆಚ್ಚಿಸಲು ಅಂಕಿ ಉಬ್ಬಿಸುವುದೂ ಅಲ್ಲಿ ನಡೆದಿದೆ. ಕೆಲವು ವರ್ಷ ಸುಳ್ಳು ಲೆಕ್ಕ ಕೊಟ್ಟಿದ್ದೇವೆ ಎಂದು ಲಿಯಾನಿಂಗ್ ಪ್ರಾಂತ್ಯ 2017ರಲ್ಲಿ ತಾನೇ ಒಪ್ಪಿಕೊಂಡಿತು.

ಹಾಗಾದರೆ 42 ಮತ್ತು 30 ಸರಿ. ತಪ್ಪಿರುವುದು ಅವೆರಡನ್ನು ಕಳೆದು 12 ಅಂದಿದ್ದು. ಪಾಲು ಒಂದು ಕಡೆ ಇರಲಿ, ಮೊತ್ತ ನೋಡಿ. 2023ರಲ್ಲಿ ಚೀನಾದ ಜಿಡಿಪಿ ಸುಮಾರು 18 ಲಕ್ಷ ಕೋಟಿ ಡಾಲರ್, ನಮ್ಮದು 3.6. ಅಲ್ಲಿ ಹೂಡಿದ್ದು ಏಳು ಲಕ್ಷ ಕೋಟಿಗೂ ಜಾಸ್ತಿ, ಇಲ್ಲಿ ಒಂದು ಚಿಲ್ಲರೆ. ಹತ್ತಿರಹತ್ತಿರ ಏಳು ಪಟ್ಟು. ನಮ್ಮಲ್ಲಿ ಸಿಮೆಂಟು, ಕೂಲಿ ಎಲ್ಲ ಅಗ್ಗ ಅಲ್ವಾ, ಅದಕ್ಕಾಗಿ ಕೊಳ್ಳುವ ಶಕ್ತಿಯ ಲೆಕ್ಕ ಹಾಕಿದರೆ ಇದು ಮೂರೂವರೆ ಪಟ್ಟಿನ ಹತ್ತಿರ ಇಳಿಯುತ್ತದೆ. ಆದರೂ 12ರ ಮಾತಲ್ಲ. (ನಮ್ಮ ವರ್ಷ ಏಪ್ರಿಲ್‌ಗೆ ಶುರು, ಅವರದು ಜನವರಿಗೆ. ಅದು ಸಣ್ಣ ತಕರಾರು, ಬಿಡಿ.)

ಇನ್ನು ಕಾಲದ ಮಾತು. ನನಗೆ ಮುಖ್ಯ ಅನ್ನಿಸುವುದು ಇದೇ. 1990ರಲ್ಲಿ ಎರಡೂ ದೇಶಗಳ ಜಿಡಿಪಿ 32ರಿಂದ 36 ಸಾವಿರ ಕೋಟಿ ಡಾಲರ್ ಒಳಗೇ ಇತ್ತು. ಎರಡೂ ಸರಿಸುಮಾರು ಅದರ ಕಾಲು ಭಾಗ ಹೂಡುತ್ತಿದ್ದವು. ಒಂದೇ ಓಣಿಯ ಎರಡು ವರ್ಕ್‌ಶಾಪ್ ಇದ್ದ ಹಾಗೆ. ಆಮೇಲೆ ಚೀನಾ ಏರುತ್ತಲೇ ಹೋಯಿತು. 2008ರ ಜಾಗತಿಕ ಕುಸಿತದಲ್ಲಿ ಉಳಿದವರು ಕೈ ಹಿಂದೆಗೆದಾಗ ಅದು ನಾಲ್ಕು ಲಕ್ಷ ಕೋಟಿ ಯುವಾನ್ ಯೋಜನೆ ಘೋಷಿಸಿತು. ಪಾಲು ಶೇ 44ರ ತನಕ ಹೋಯಿತು. ನಾವೂ ಆ ಹೊತ್ತಿಗೆ ಶೇ 34 ಮುಟ್ಟಿದ್ದೆವು. ಆದರೆ 2012ರ ನಂತರ ಸಾಲ ಮಾಡಿದ ಕಂಪನಿಗಳು ಮುಗ್ಗರಿಸಿದವು, ಬ್ಯಾಂಕುಗಳಲ್ಲಿ ವಸೂಲಾಗದ ಸಾಲ ಗುಡ್ಡೆಬಿತ್ತು. ಪಾಲು ಶೇ 28ರ ಹತ್ತಿರ ಜಾರಿತು. ಈಗಿನ 30ಕ್ಕೆ ಸರ್ಕಾರ ರಸ್ತೆ, ರೈಲಿಗೆ ಸುರಿಯುತ್ತಿರುವ ದುಡ್ಡು ದೊಡ್ಡ ಆಸರೆ. 2024-25ರ ಕೇಂದ್ರ ಬಜೆಟ್ ಬಂಡವಾಳ ವೆಚ್ಚಕ್ಕೆ 11.11 ಲಕ್ಷ ಕೋಟಿ ರೂಪಾಯಿ ಇಟ್ಟಿತ್ತು. ಖಾಸಗಿಯವರು ಇನ್ನೂ ಅಳೆದು ಸುರಿಯುತ್ತಿದ್ದಾರೆ. ವರ್ಷಕ್ಕೆ ಹತ್ತು ಅಂಶದ ವ್ಯತ್ಯಾಸ, ಅದೂ ಇಪ್ಪತ್ತು ವರ್ಷ! ಅಂತರ ಇರುವುದು ಆ ರಾಶಿಯಲ್ಲಿ.

ಹಾಗಂತ ರಾಶಿ ಎಲ್ಲಾ ಬಂಗಾರವೂ ಅಲ್ಲ. ಹೊಸ ಲೇತ್ ಕೊಂಡು ಮೂಲೆಗಿಟ್ಟರೂ ಆ ವರ್ಷದ ಹೂಡಿಕೆ ಹೂಡಿಕೆಯೇ. ಕೆಲಸ ಬಂತೋ ಇಲ್ಲವೋ ಲೆಕ್ಕ ಕೇಳುವುದಿಲ್ಲ. ಚೀನಾದ ಅದೇ ರಾಶಿಯಲ್ಲಿ 45 ಸಾವಿರ ಕಿಲೋಮೀಟರಿಗೂ ಜಾಸ್ತಿ ಅತಿವೇಗದ ರೈಲು ಹಳಿಯೂ ಇದೆ, ಯಾರೂ ಬಾರದ ಖಾಲಿ ಫ್ಲ್ಯಾಟುಗಳೂ ಇವೆ. ಅಲ್ಲಿನ ಮನೆ ಕಟ್ಟಿ ಮಾರುವ ದೊಡ್ಡ ಕಂಪನಿ ಎವರ್‌ಗ್ರಾಂಡೆ 2021ರಲ್ಲಿ ಸಾಲ ತೀರಿಸಲಾಗದೆ ಕೈ ಎತ್ತಿದ್ದು ಆ ಫ್ಲ್ಯಾಟುಗಳ ಕಥೆಯೇ. ಅದಕ್ಕೇ ಎರಡು ದೇಶ ಹೋಲಿಸುವಾಗ ನಾನು ಇನ್ನೊಂದು ಭಾಗಾಕಾರ ಮಾಡುತ್ತೇನೆ: ಹೂಡಿಕೆಯ ಪಾಲನ್ನು ಆ ವರ್ಷದ ಬೆಳವಣಿಗೆ ದರದಿಂದ ಭಾಗಿಸುವುದು. ಶೇ 30 ಹೂಡಿ ಶೇ 6 ಬೆಳೆದರೆ ಉತ್ತರ 5. ಶೇ 42 ಹೂಡಿ ಶೇ 5 ಬೆಳೆದರೆ 8.4. ಇದು ಎಷ್ಟು ಜಾಸ್ತಿಯೋ ಹೂಡಿದ ರೂಪಾಯಿಯ ದುಡಿಮೆ ಅಷ್ಟು ಕಮ್ಮಿ. ಒಂದು ವರ್ಷದ್ದು ನೋಡಬೇಡಿ, ಕೊರೊನಾದಂಥ ವರ್ಷ ಬಂದರೆ ಲೆಕ್ಕವೇ ತಲೆಕೆಳಗು. ಐದೈದು ವರ್ಷದ ಸರಾಸರಿ ಹಿಡಿಯಿರಿ.

ಪ್ರಶ್ನೆ: ವಿಜಯಪುರ ಜಿಲ್ಲೆಯ ತಿಕೋಟಾ ಕಡೆ ನಮ್ಮದು ದ್ರಾಕ್ಷಿ ತೋಟ. ದೇಶದ ಬಂಡವಾಳದಲ್ಲಿ ನಮ್ಮಂಥವರ ಖರ್ಚಿಗೆ ಜಾಗ ಇದೆಯಾ?

ಉತ್ತರ: ಚೆನ್ನಾಗಿಯೇ ಇದೆ. ಕಲ್ಲಿನ ಕಂಬ, ತಂತಿ, ಡ್ರಿಪ್, ಕೃಷಿ ಹೊಂಡ, ಒಣದ್ರಾಕ್ಷಿ ಶೆಡ್ ಎಲ್ಲವೂ ಸ್ಥಿರ ಬಂಡವಾಳ. ಬಳ್ಳಿಯೂ ಅಷ್ಟೇ: ವರ್ಷವರ್ಷ ಫಲ ಕೊಡುವುದರಿಂದ ಅದು ಯಂತ್ರದ ಸಾಲಿಗೆ ಬರುತ್ತದೆ. ನೆಟ್ಟು ಬೆಳೆಸಿ ಫಲಕ್ಕೆ ಬರುವ ತನಕದ ಖರ್ಚು ಸೇರುತ್ತದೆ. ಆಮೇಲಿನ ಚಾಟ್ನಿ (ಬಳ್ಳಿ ಸವರುವ) ಕೂಲಿ, ಔಷಧಿ, ಗೊಬ್ಬರ ಆಯಾ ವರ್ಷದ ಖರ್ಚು. ಕೋಲ್ಡ್ ಸ್ಟೋರೇಜಿನಲ್ಲಿ ಇಟ್ಟ ಒಣದ್ರಾಕ್ಷಿ ಬಂಡವಾಳವೇ, ಆದರೆ ಸ್ಥಿರ ಅಲ್ಲ. ದಾಸ್ತಾನು ಅಂತ ಅದಕ್ಕೆ ಬೇರೆ ಖಾತೆ.