ಅಕ್ಕನ ಗುಟ್ಟು, ಜಗಲಿಯ ಮಾತು

ಪ್ರಶ್ನೆ: ಶಿವಮೊಗ್ಗದಿಂದ ಉಡುಪಿಯ ಶಂಕರಪುರಕ್ಕೆ ಸೊಸೆಯಾಗಿ ಬಂದು ಎರಡು ವರ್ಷವಾಯಿತು. ಬೆಳಿಗ್ಗೆ ಮಲ್ಲಿಗೆ ಕಟ್ಟಲು ನೆರೆಯ ಹೆಂಗಸರು ನಮ್ಮ ಜಗಲಿಯಲ್ಲಿ ಸೇರುತ್ತಾರೆ. ಅವರು ತುಳುವಿನಲ್ಲಿ ನಗುತ್ತಿದ್ದರೆ ನಾನು ಮೊಗ್ಗು ಎಣಿಸುತ್ತಿರುತ್ತಿದ್ದೆ. ಪಕ್ಕದ ಮನೆಯ ಅಕ್ಕ, ಮಗಳು ಗಂಡನನ್ನು ಬಿಟ್ಟು ಮುಂಬೈಯಿಂದ ಬಂದಿದ್ದಾಳೆಂದು ನನಗೊಬ್ಬಳಿಗೇ ಹೇಳಿದ್ದರು. ಒಂದು ದಿನ ಜಗಲಿಯಲ್ಲಿ ಬಾಯಿಬಿಟ್ಟೆ. ‘ಹೊಂದಿಕೊಳ್ಳುವ ಹುಡುಗಿಯಲ್ಲ’ ಎಂದೂ ಸೇರಿಸಿದೆ. ಅಂದು ಮೊದಲ ಸಲ ಎಲ್ಲರೂ ನನ್ನ ಕಡೆ ತಿರುಗಿದರು. ಈಗ ಅಕ್ಕ ಮಾತಾಡುವುದಿಲ್ಲ. ಆದರೂ ಅವರ ಅಂಗಳಕ್ಕೆ ರಿಕ್ಷಾ ಬಂದರೆ ನನ್ನ ಕೈ ಪರದೆಗೆ ಹೋಗುತ್ತದೆ. ನಾನು ಕೆಟ್ಟವಳೇ?

ಉತ್ತರ: ಪರದೆಯ ವಿಷಯ ಬಿಡಿ. ಪಕ್ಕದಂಗಳಕ್ಕೆ ಯಾರು ಬಂದರೆಂದು ಇಣುಕುವ ಕಣ್ಣು ನನಗೂ ಇದೆ. ನನ್ನನ್ನು ತಡೆದು ನಿಲ್ಲಿಸಿದ್ದು ನೀವು ಮೊಗ್ಗು ಎಣಿಸುತ್ತಿದ್ದ ಮಾತು. ನಿಮ್ಮೂರ ಮಲ್ಲಿಗೆಯ ಲೆಕ್ಕದಲ್ಲಿ ಚೆಂಡಿಗೆ 800 ಮೊಗ್ಗು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಎರಡು ವರ್ಷ ಅದನ್ನು ಬಾಯಿ ಮುಚ್ಚಿಕೊಂಡು ಎಣಿಸುವುದು ಸಣ್ಣ ಶಿಕ್ಷೆಯಲ್ಲ.

ಮಂಗಗಳು ಒಂದರ ಮೈಯನ್ನು ಇನ್ನೊಂದು ಹೆಕ್ಕಿ ನಂಟು ಬೆಳೆಸುತ್ತವೆ. ಮನುಷ್ಯರು ಅದೇ ಕೆಲಸವನ್ನು ಹರಟೆಯಿಂದ ಮಾಡುತ್ತಾರೆ ಎನ್ನುತ್ತಾರೆ ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ರಾಬಿನ್ ಡನ್‌ಬಾರ್. ಅವರ ತಂಡ ಜನರ ಮಾತುಕತೆಗೆ ಕಿವಿಗೊಟ್ಟು (ವಿಜ್ಞಾನಿಗಳೂ ಕದ್ದು ಕೇಳುತ್ತಾರೆ!) 1997ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಮೂರರಲ್ಲಿ ಸುಮಾರು ಎರಡು ಪಾಲು ಮಾತು ಮನುಷ್ಯರ, ಸಂಬಂಧಗಳ ಕುರಿತದ್ದೇ. ನಿಮಗೂ ಬೇಕಾಗಿದ್ದದ್ದು ಸುದ್ದಿಯಲ್ಲ, ಜಗಲಿಯಲ್ಲಿ ಒಂದಿಷ್ಟು ಜಾಗ. ಅದಕ್ಕೆ ತೆತ್ತ ಬೆಲೆಯನ್ನು ಮಾತ್ರ ಅಕ್ಕನ ಗಂಟಿನಿಂದ ತೆಗೆದಿರಿ. ಇದನ್ನು ನಾನು ಸಣ್ಣ ತಪ್ಪು ಎನ್ನಲಾರೆ.

ಅದರಿಂದ ನಿಮಗೆ ಲಾಭವಾದದ್ದೂ ಅನುಮಾನ. ಇನ್ನೊಬ್ಬರ ಗುಣವನ್ನು ಬಣ್ಣಿಸಿದರೆ ಕೇಳುವವರ ಮನಸ್ಸಿನಲ್ಲಿ ಆ ಗುಣ ಹೇಳಿದವರಿಗೇ ಅಂಟಿಕೊಳ್ಳುವುದುಂಟು ಎಂದು 1998ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿದ್ದಾರೆ. ‘ಹೊಂದಿಕೊಳ್ಳದವಳು’ ಎಂಬುದನ್ನು ಜಗಲಿ ನಿಮ್ಮ ಹೆಸರಿಗೂ ಬರೆದುಕೊಂಡಿರಬಹುದು.

ಹೂವು ಮಾರಾಟಕ್ಕೆ ಹೋದ ಮೇಲೆ, ಮಧ್ಯಾಹ್ನ, ಒಬ್ಬರೇ ಅಕ್ಕನ ಮನೆಗೆ ಹೋಗಿ. ‘ನಂಬಿ ಹೇಳಿದ್ದನ್ನು ಹೊರಗೆ ಹೇಳಿದೆ, ತಪ್ಪಾಯಿತು’ ಎನ್ನಿ. ಒಂಟಿತನದ ಕಥೆ ಅಲ್ಲಿ ಬೇಡ. ನನಗದು ಕಾರಣ, ಅವರಿಗೆ ಬರೀ ನೆಪ. ಜಗಲಿಯನ್ನೂ ಬಿಡಬೇಡಿ. ಆ ವಿಷಯ ಮತ್ತೆ ಎದ್ದರೆ, ‘ನಾನು ಹೇಳಬಾರದಿತ್ತು’ ಎಂದು ಹರುಕುಮುರುಕು ತುಳುವಿನಲ್ಲೇ ಹೇಳಿ. ನಿಮ್ಮ ತುಳುವಿಗೆ ಅವರು ನಕ್ಕರೆ ನಗಲಿ, ಆ ನಗುವಿಗೆ ಹಾಕಿದ ಬಂಡವಾಳವಾದರೂ ನಿಮ್ಮದೇ.

ಅಕ್ಕ ಮೊದಲ ದಿನವೇ ಒಳಗೆ ಕರೆಯಲಿಕ್ಕಿಲ್ಲ. ಕರೆದರೆ, ಮಗಳು ಮುಂಬೈಗೆ ಯಾವಾಗ ಮರಳುತ್ತಾಳೆ ಎಂದು ಮಾತ್ರ ಕೇಳಬೇಡಿ.