ಲಿಫ್ಟ್ ಮಾಡಿಸಿದ ಜಿಮ್ನಿಗೆ ಎಷ್ಟು ದೊಡ್ಡ ಟೈರ್?

ಪ್ರಶ್ನೆ: ನನ್ನ ಮಾರುತಿ ಜಿಮ್ನಿಗೆ ಉದ್ದದ ಸ್ಪ್ರಿಂಗ್ ಹಾಕಿಸಿ ಎರಡು ಇಂಚು ಲಿಫ್ಟ್ ಮಾಡಿಸಿದ್ದೇನೆ. ಜನವರಿಯಲ್ಲಿ ಹಿಮಾಚಲದ ಸ್ಪಿತಿಗೆ ಹೊರಟಿದ್ದೇವೆ. ಆಳದ ಹಿಮಕ್ಕೆ 235/75 ಆರ್15 ಮಡ್ ಟೈರ್ ಹಾಕಿಸಿ, ಲಿಫ್ಟ್ ಇದೆಯಲ್ಲ, ಏನೂ ತಗಲುವುದಿಲ್ಲ ಎನ್ನುತ್ತಾರೆ ಅಂಗಡಿಯವರು. ಹಾಕಿಸಲೇ? – ಮೂಡಿಗೆರೆಯ ಓದುಗರು

ಉತ್ತರ: ಬೇಡ. ಸಕಲೇಶಪುರದವರೂ ಇದನ್ನೇ ಕೇಳುತ್ತಾರೆ, ಕೊಪ್ಪದವರೂ ಇದನ್ನೇ ಕೇಳುತ್ತಾರೆ. ಲಿಫ್ಟ್ ಎತ್ತುವುದು ಚಾಸಿ, ಬಾಡಿಯನ್ನು ಮಾತ್ರ. ಆಕ್ಸಲ್ ನಡುವಿನ ಡಿಫರೆನ್ಷಿಯಲ್ (ಎರಡು ಚಕ್ರಗಳಿಗೆ ಎಳೆತ ಹಂಚುವ ಗೇರುಗಳ ಗುಂಡು) ಇದ್ದಲ್ಲೇ ಇರುತ್ತದೆ, ಹಿಮದಲ್ಲಿ ಮೊದಲು ಉಳುವುದೂ ಅದೇ. ಅದನ್ನು ಎತ್ತುವುದು ಟೈರ್, ಅದೂ ಹೆಚ್ಚಾದ ವ್ಯಾಸದ ಅರ್ಧದಷ್ಟು. ಕಂಪನಿಯ 195/80 ಆರ್15ರ ವ್ಯಾಸ 693 ಮಿ.ಮೀ., ನಿಮಗೆ ಹೇಳಿದ್ದರದ್ದು ಸುಮಾರು 733. ಸಿಕ್ಕಿದ್ದು 20 ಮಿ.ಮೀ.

ಇನ್ನು ತಗಲುವ ಮಾತು. ಉದ್ದದ ಸ್ಪ್ರಿಂಗ್ ಹಾಕಿದ ಗಾಡಿ ನಿಂತಾಗ ಮಡ್‌ಗಾರ್ಡ್ ಕೆಳಗೆ ಜಾಗ ಕಾಣುತ್ತದೆ. ಹಳ್ಳಕ್ಕೆ ಇಳಿದು ಸ್ಪ್ರಿಂಗ್ ಪೂರ್ತಿ ಕುಗ್ಗಿದರೆ ಟೈರ್ ಹಳೆಯ ಜಾಗಕ್ಕೇ ಏರುತ್ತದೆ. ಸ್ಪ್ರಿಂಗ್ ಕುಗ್ಗುವುದನ್ನು ಕೊನೆಯಲ್ಲಿ ತಡೆಯುವ ರಬ್ಬರ್, ಅಂದರೆ ಬಂಪ್ ಸ್ಟಾಪ್, ಉದ್ದ ಮಾಡದಿದ್ದರೆ ತಡೆಯುವವರಿಲ್ಲ. ಪರೀಕ್ಷೆ ಹೀಗೆ: ಮುಂದಿನ ಒಂದು ಚಕ್ರವನ್ನು ಗಟ್ಟಿ ದಿಮ್ಮಿಯ ಮೇಲೆ ಹತ್ತಿಸಿ, ಆ ಕಡೆಯ ಸ್ಪ್ರಿಂಗ್ ಕುಗ್ಗಿದಾಗ ಸ್ಟೀರಿಂಗನ್ನು ಎರಡೂ ಕಡೆ ಕೊನೆಯವರೆಗೆ ತಿರುಗಿಸಿ. ಬಂಪರ್‌ನ ಮೂಲೆ, ಒಳಗೆ ಆಕ್ಸಲನ್ನು ಚಾಸಿಗೆ ಹಿಡಿದಿಡುವ ರೇಡಿಯಸ್ ಆರ್ಮ್ ಎರಡಕ್ಕೂ ಟೈರ್ ತಗಲುತ್ತದೆಯೇ ನೋಡಿ. ಇನ್ನೊಂದು ಕಡೆಗೂ ಹೀಗೆಯೇ. ಅಂಗಳದಲ್ಲಿ ನಿಲ್ಲಿಸಿ ಸ್ಟೀರಿಂಗ್ ತಿರುಗಿಸಿ ‘ಪಾಸ್’ ಅನ್ನುವುದು ಪರೀಕ್ಷೆಯಲ್ಲ.

ರಿಮ್ ಬೇರೆ ಇದೆ. ಜಿಮ್ನಿಯದ್ದು 5.5 ಇಂಚು ಅಗಲ. 235 ಮಿ.ಮೀ. ಅಗಲದ ಟೈರ್‌ಗೆ ಕನಿಷ್ಠ 6 ಬೇಕು. ದೊಡ್ಡ ಟೈರ್ ಹಾಕಿದ ಮೇಲೆ ಮೀಟರ್ 60 ತೋರಿಸುವಾಗ ಗಾಡಿ 63 ದಾಟಿರುತ್ತದೆ, ಚಾರ್ಮಾಡಿ ಏರಿನಲ್ಲಿ ಎಳೆತ ಕುಗ್ಗಿದ್ದು ಕಾಲಿಗೇ ಗೊತ್ತಾಗುತ್ತದೆ. ಸ್ಟೆಪ್ನಿಯೂ ಅದೇ ಅಳತೆಯದ್ದಾಗಬೇಕು. ಅಳತೆ ಬೇರೆಯಾದ ಚಕ್ರಗಳಲ್ಲಿ ಫೋರ್‌ವೀಲ್ ಹಾಕಿ ಗಟ್ಟಿ ರಸ್ತೆಯಲ್ಲಿ ಓಡಿಸಿದರೆ ಟ್ರಾನ್ಸ್‌ಫರ್ ಕೇಸ್ (ಮುಂದಿನ, ಹಿಂದಿನ ಆಕ್ಸಲ್‌ಗಳಿಗೆ ಎಳೆತ ಹಂಚುವ ಗೇರುಪೆಟ್ಟಿಗೆ) ಹೋಗುತ್ತದೆ.

215/75 ಆರ್15 ಹಾಕಿಸಿ. ಇರುವ ರಿಮ್‌ಗೇ ಕೂರುತ್ತದೆ, ವ್ಯಾಸ ಹೆಚ್ಚುವುದು ಹತ್ತು ಮಿ.ಮೀ. ಮಾತ್ರ. ಅದಕ್ಕೂ ಮೊದಲು ಲಿಫ್ಟ್ ಮಾಡಿದವರನ್ನು ಮೂರು ಪ್ರಶ್ನೆ ಕೇಳಿ: ಕ್ಯಾಸ್ಟರ್ (ಸ್ಟೀರಿಂಗನ್ನು ನೇರಕ್ಕೆ ತರುವ ಮುಂದಿನ ಚಕ್ರದ ವಾಲು) ಸರಿಪಡಿಸಿದ್ದೀರಾ, ಆಕ್ಸಲ್ ಅಡ್ಡಕ್ಕೆ ಸರಿಯದಂತೆ ಹಿಡಿಯುವ ಪ್ಯಾನ್‌ಹಾರ್ಡ್ ರಾಡ್ ಹೊಂದಿಸಿದ್ದೀರಾ, ಚಕ್ರ ಪೂರ್ತಿ ಜೋತಾಗ ಬ್ರೇಕ್ ಹೋಸ್ ಬಿಗಿಯಾಗುತ್ತದಾ? ತಿರುವಿನ ನಂತರ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರದಿದ್ದರೆ ಮೊದಲನೆಯದು ಆಗಿಲ್ಲ. ಅಂಥ ಗಾಡಿಯನ್ನು ಮಂಜುಗಡ್ಡೆಯ ಮೇಲೆ ಒಯ್ಯಬಾರದು.

ಚಳಿಗಾಲದಲ್ಲಿ ಮನಾಲಿ ಕಡೆಯ ಕುಂಜುಂ ಕಣಿವೆದಾರಿ ಮುಚ್ಚಿರುತ್ತದೆ, ಸ್ಪಿತಿಯ ಕಾಜಾ ಊರಿಗೆ ಹೋಗುವುದು ಕಿನ್ನೌರ್ ಕಡೆಯಿಂದ. ಅಲ್ಲಿ ಎದುರಾಗುವುದು ಮೊಣಕಾಲುದ್ದ ಹಿಮಕ್ಕಿಂತ ಹೆಚ್ಚಾಗಿ ಚಕ್ರಗಳು ತುಳಿದು ಗಾಜಿನಂತಾದ ರಸ್ತೆ. ತೋಟದ ಕೆಸರಿಗೆ ಹೇಳಿ ಮಾಡಿಸಿದ ಮಡ್ ಟೈರ್ ಅಲ್ಲಿ ಜಾರುಬಂಡಿ: ದಪ್ಪ ರಬ್ಬರ್ ತುಂಡುಗಳು, ಅವುಗಳಲ್ಲಿ ಸಣ್ಣ ಸೀಳುಗಳಿಲ್ಲ, ಚಳಿಗೆ ರಬ್ಬರ್ ಬಿರುಸಾಗುತ್ತದೆ. ಮೂರು ಶಿಖರ, ಒಳಗೊಂದು ಹಿಮದ ಹೂವಿನ ಗುರುತಿರುವ ಆಲ್-ಟೆರೇನ್ (ಎಲ್ಲ ಬಗೆಯ ದಾರಿಯ) ಟೈರ್ ತೆಗೆದುಕೊಳ್ಳಿ. ಟೈರಿನ ಅಳತೆಗೇ ಸರಿಯಾದ ಚೈನ್ ನಾಲ್ಕಕ್ಕೂ ಇರಲಿ. ಮನೆಯಲ್ಲೇ ಒಮ್ಮೆ ಹಾಕಿ, ಒಳಬದಿಯಲ್ಲಿ ಹೋಸ್‌ಗೆ ತಾಗದಂತೆ ನೋಡಿ. ಚೈನ್ ಹಾಕಿದ ಮೇಲೆ 30 ದಾಟಬೇಡಿ.

ನಿಜವಾಗಿಯೂ ಆಳದ ಹಿಮ ಸಿಕ್ಕಿದರೆ ಗಾಳಿ 15 ಪಿಎಸ್‌ಐಗೆ ಇಳಿಸಿ, ಫೋರ್-ಲೋ (ಫೋರ್‌ವೀಲ್‌ನ ನಿಧಾನದ ಗೇರ್) ಹಾಕಿ ನಿಧಾನಕ್ಕೆ ಹೋಗಿ. ಅದಕ್ಕಿಂತ ಇಳಿಸಿದರೆ ಟೈರ್ ರಿಮ್ ಬಿಡಬಹುದು. ಚಕ್ರ ನಿಂತಲ್ಲೇ ಸುತ್ತತೊಡಗಿದರೆ ಆಕ್ಸಿಲೇಟರ್ ಬಿಡಿ. ಸುತ್ತಿದಷ್ಟೂ ಕೆಳಗಿನ ಹಿಮ ಕರಗಿ ಗಡ್ಡೆಯಾಗುತ್ತದೆ. ಬಂದ ದಾರಿಯಲ್ಲೇ ಹಿಂದೆ ಬಂದು, ಸನಿಕೆ ಹಿಡಿಯಿರಿ. ಗಾಳಿ ತುಂಬುವ ಕಂಪ್ರೆಸರ್ ಇಲ್ಲದವರು ಗಾಳಿ ಇಳಿಸಲೇಬೇಡಿ.

ಪ್ರಶ್ನೆ: ಚಕ್ರವನ್ನು ಹೊರಕ್ಕೆ ತಳ್ಳುವ ಸ್ಪೇಸರ್ ಹಾಕಿದರೆ ಟೈರ್ ಉಜ್ಜುವುದು ನಿಲ್ಲುತ್ತದಾ? – ಸಕಲೇಶಪುರ

ಉತ್ತರ: ಒಳಗೆ ನಿಂತು ಹೊರಗೆ ಶುರುವಾಗುತ್ತದೆ. ಬೇರಿಂಗ್‌ಗೂ ಹೊರೆ. ಹಾಕಿಸಬೇಡಿ.

ಪ್ರಶ್ನೆ: ನೈಟ್ರೋಜನ್ ತುಂಬಿಸಿದರೆ ಹಿಮದಲ್ಲಿ ಹಿಡಿತ ಹೆಚ್ಚುತ್ತದಂತೆ? – ಬೇಲೂರು

ಉತ್ತರ: ಮಾಮೂಲಿ ಗಾಳಿಯಲ್ಲೇ ನೂರಕ್ಕೆ 78 ಪಾಲು ನೈಟ್ರೋಜನ್. ಆ ದುಡ್ಡಿಗೆ ಒಳ್ಳೆಯ ಗೇಜ್ ಕೊಳ್ಳಿ.

ಪ್ರಶ್ನೆ: ಮುಂದಿನ ಎರಡು ಮಾತ್ರ ದೊಡ್ಡದು ಹಾಕಿಸಬಹುದೇ? – ಅರಸೀಕೆರೆ

ಉತ್ತರ: ಮೇಲಿನ ಟ್ರಾನ್ಸ್‌ಫರ್ ಕೇಸ್ ಮಾತು ಇನ್ನೊಮ್ಮೆ ಓದಿ.